ಜುವೈರಿಯಾಳ ಬೋಟ್ ಎಂಜಿನ್

ಲಾಯಿಲ,
ಮೇ 14, 2025

ಪ್ರೀತಿಯ ಜುವೈರಿಯಾ,

ಮೂರು ದಿನದಿಂದ ನಿನ್ನ ಫೋನು ಬರುತ್ತಿದೆ, ನಾನು ಎತ್ತುತ್ತಿಲ್ಲ. ಕ್ಲಾಸಿನಲ್ಲಿದ್ದೇನೆ ಎಂದು ಮೆಸೇಜು ಹಾಕಿದ್ದು ಸುಳ್ಳು. ಕಾಲೇಜಿಗೆ ರಜೆ ಹಾಕಿ ಮನೆಯಲ್ಲೇ ಕೂತಿದ್ದೇನೆ. ತಮ್ಮ ಇಹ್ಸಾನನ ಹಣೆಯ ಹೊಲಿಗೆ ಹೇಗಿದೆ? ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಮೊದಲು ಎಂಜಿನ್ನಿನ ವಿಷಯ ಹೇಳಿಬಿಡುತ್ತೇನೆ. ಭಾನುವಾರ ಪಿಸ್ಟನ್ ಜಾಮ್ ಆದದ್ದು ಕಾರ್ಬುರೇಟರಿನಿಂದ ಅಲ್ಲ. ಕ್ರ್ಯಾಂಕ್ ಶಾಫ್ಟಿನ ತುದಿಯ ರಬ್ಬರ್ ಸೀಲ್ ಒಣಗಿ, ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಆಯಿಲು ಸಿಗುವುದೇ ಪೆಟ್ರೋಲಿನ ಜೊತೆ. ಗಾಳಿ ಹೆಚ್ಚಾದರೆ ಎರಡೂ ಸಾಲದೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದು ನನಗೆ ನಿನ್ನೆ ಮೊನ್ನೆ ಹೊಳೆದದ್ದಲ್ಲ. ಹೋದ ತಿಂಗಳು ನೀನು ಫೋನು ಮಾಡಿದ ದಿನವೇ ಗೊತ್ತಿತ್ತು.

ಅವತ್ತು ನೀನು ಫೋನನ್ನು ಎಂಜಿನ್ನಿನ ಹತ್ತಿರ ಹಿಡಿದು, "ಕೇಳು ಮಾರಾಯ್ತಿ, ಆಕ್ಸಿಲರೇಟರ್ ಬಿಟ್ಟರೂ ಶಬ್ದ ಇಳಿಯುವುದೇ ಇಲ್ಲ. ಎಂತದು ಇದು?" ಎಂದು ಕೇಳಿದೆ. ನಾನು ಸ್ಟಾಫ್ ರೂಮಿನ ಕಿಟಕಿಯ ಬಳಿ ನಿಂತಿದ್ದೆ. ಹತ್ತು ಸೆಕೆಂಡು ಸಾಕಾಯಿತು. ಮೂಡುಬಿದಿರೆಯಲ್ಲಿ ನಾವಿಬ್ಬರೂ ಡಿಪ್ಲೊಮಾ ಓದುವಾಗ ಸುಬ್ಬಯ್ಯ ಸರ್ ಕೆಟ್ಟ ಎಂಜಿನ್ ಸ್ಟಾರ್ಟ್ ಮಾಡಿ, "ರಮ್ಯಶ್ರೀ, ಬಾ, ಕೇಳಿ ಹೇಳು" ಎಂದು ನನ್ನನ್ನೇ ಕರೆಯುತ್ತಿದ್ದರಲ್ಲ, ಆ ಕಿವಿ ಇನ್ನೂ ಹಾಗೇ ಉಂಟು. ಸೀಲ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಯಿಂದ ಬಂದದ್ದು, "ಕಾರ್ಬುರೇಟರ್ ಇರಬೇಕು, ಬಿಚ್ಚಿ ಕ್ಲೀನ್ ಮಾಡು."

ನೀನು ಥ್ಯಾಂಕ್ಸ್ ಹೇಳಿದೆ. ನಾನು ಕ್ಲಾಸಿಗೆ ಹೋಗಿ ಟೂ-ಸ್ಟ್ರೋಕ್ ಎಂಜಿನ್ನಿನ ಚಿತ್ರ ಬರೆದು, ಒಂದೊಂದೇ ಭಾಗದ ಹೆಸರು ಹೇಳಿಸಿದೆ.

ಯಾಕೆ ಹಾಗೆ ಮಾಡಿದೆ ಎಂದು ಕೇಳುತ್ತಿ. ಫೆಬ್ರವರಿಯಲ್ಲಿ ನಿನ್ನ ಮನೆಗೆ ಬಂದಿದ್ದೆನಲ್ಲ, ಶುರುವಾದದ್ದು ಆವತ್ತು. ಬೀಚಿನಲ್ಲಿ ನಿಂತುಹೋದ ಯಾವುದೋ ಬೋಟಿಂಗ್‌ನವರ ಹಳೆಯ ಜೆಟ್ ಬೋಟು ನಿನ್ನ ಅಂಗಳದಲ್ಲಿ ಮಗುಚಿ ಬಿದ್ದಿತ್ತು. ಎಂಜಿನ್ ಹಿಂದಿನ ಜಗಲಿಯಲ್ಲಿತ್ತು. ಅಕ್ಕಿ ಕೇರುವ ಗೆರಸೆಯಲ್ಲಿ ನಟ್ಟು ಬೋಲ್ಟು, ಹಿಟ್ಟು ಕಲಸುವ ಬೋಗುಣಿಯಲ್ಲಿ ಸೀಮೆಎಣ್ಣೆಗೆ ಹಾಕಿದ ಪಿಸ್ಟನ್ನು. ಸೈನಬಮ್ಮ ಮಗಳ ದೆಸೆಯಿಂದ ಮೀನು ಸಾರಿಗೂ ಪೆಟ್ರೋಲು ವಾಸನೆ ಬಂದಿದೆ ಎಂದು ಬೈಯುತ್ತಾ ಬೈಯುತ್ತಾ ನಿನಗೆ ಟಾರ್ಚ್ ಹಿಡಿದಿದ್ದರು. ಹೋದ ಮಳೆಗಾಲ ರಕ್ಷಣೆಗೆ ಹೋದ ಬೋಟಿನ ಪ್ರೊಪೆಲ್ಲರ್ ಕಲ್ಲಿಗೆ ಬಡಿದು ಅರ್ಧ ಹೊಳೆಯಲ್ಲಿ ನಿಂತದ್ದು, ಆಚೆ ದಡದಲ್ಲಿ ತೆಂಗಿನ ಮರ ಅಪ್ಪಿ ಹಿಡಿದಿದ್ದ ಮನುಷ್ಯ ಕೈಸೋತು ನೀರುಪಾಲಾದದ್ದು, ಎಲ್ಲ ನೀನು ಹೇಳಿದೆ. ನೀರನ್ನೇ ಎಳೆದು ಹಿಂದಕ್ಕೆ ಉಗುಳುವ ಈ ಬೋಟಿಗೆ ಹೊರಗೆ ಪ್ರೊಪೆಲ್ಲರೇ ಇಲ್ಲ, ಮಳೆ ಬರುವ ಮೊದಲು ಇದನ್ನು ಹೊಳೆಗೆ ಇಳಿಸಲೇಬೇಕು ಎಂದೆ ನೀನು. ನಾನು ತಲೆ ಆಡಿಸಿದೆ. ನೋಡುತ್ತಿದ್ದದ್ದು ನಿನ್ನ ಉಗುರುಗಳನ್ನು. ಬೇರಿಗೆ ಇಳಿದ ಗ್ರೀಸಿನ ಆ ಕಪ್ಪು ನನ್ನ ಉಗುರಿನಲ್ಲಿ ಇದ್ದು ಒಂಬತ್ತು ವರ್ಷ ಆಯಿತು ಜುವೈರಿಯಾ. ಈಗ ನನ್ನ ಕೈಗೆ ತಾಗುವುದು ಮಾರ್ಕರ್ ಪೆನ್ನಿನ ಶಾಯಿ ಮಾತ್ರ. ನನ್ನ ಸ್ಕೂಟರಿನ ಪ್ಲಗ್ ಕೂಡ ಗ್ಯಾರೇಜಿನವರು ಬದಲಿಸುತ್ತಾರೆ.

ಆಮೇಲೆ ನೀನು ಬೋಟು ರಿಪೇರಿ ಮಾಡುವ ಆ ವಾಟ್ಸಾಪ್ ವಿಡಿಯೊ. ನಮ್ಮ ಮನೆಯವರು ದೇವಿಪ್ರಸಾದ್ ಊಟಕ್ಕೆ ಕೂತಲ್ಲಿ ತೋರಿಸಿದರು. "ನಿನ್ನ ಫ್ರೆಂಡ್ ಜೋರುಂಟು ಅಲ್ವಾ?" ಎಂದು ಮೂರು ಸಲ ನೋಡಿದರು. ಪಾಪ, ಅವರ ಮನಸ್ಸಿನಲ್ಲಿ ಏನೂ ಇಲ್ಲ. ವಿಡಿಯೊದಲ್ಲಿ ಯಾರೋ ಕೇಳುತ್ತಾರೆ, ಇದೆಲ್ಲ ಯಾರು ಕಲಿಸಿದ್ದು ಎಂದು. ನೀನು ನಗುತ್ತಾ, "ಯಾರೂ ಇಲ್ಲ, ಬಿಚ್ಚಿ ಬಿಚ್ಚಿ ನಾನೇ ಕಲಿತೆ" ಎನ್ನುತ್ತಿ. ಡಿಪ್ಲೊಮಾದ ಮೂರು ವರ್ಷ ನನ್ನ ಲ್ಯಾಬ್ ಜರ್ನಲ್ ನೋಡಿ ಬರೆದವಳು, ಪಿಸ್ಟನ್ ರಿಂಗ್ ಯಾವ ಕಡೆ ಕೂರಿಸುವುದೆಂದು ನನ್ನ ಕೈ ಹಿಡಿದು ಕಲಿತವಳು. ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದೆ. ನಿನ್ನ ಫೋನು ಬಂದದ್ದು ಅದರ ಮರುದಿನ. ಇವಳು ಸೋಲಲಿ, ಮತ್ತೆ ನನ್ನ ಹತ್ತಿರವೇ ಬರಲಿ, ಆಗ ನಾನು ಹೋಗಿ ಸರಿ ಮಾಡುತ್ತೇನೆ ಎಂದುಕೊಂಡೆ. ಅಷ್ಟೇ ಅಂದುಕೊಂಡದ್ದು. ಹೊಳೆಯ ನಡುವೆ ನಿಲ್ಲಬಹುದೆಂದು ಯೋಚಿಸಲಿಲ್ಲ ಎಂದರೆ ನಂಬುತ್ತೀಯಾ? ನಾನೇ ನನ್ನನ್ನು ಪೂರ್ತಿ ನಂಬುವುದಿಲ್ಲ.

ಭಾನುವಾರ ಪಾಣೆಮಂಗಳೂರಿನ ದಡದಲ್ಲಿ ನಿಂತಾಗಲೂ ಹೇಳಬಹುದಿತ್ತು. ಘಟ್ಟದಲ್ಲಿ ಮಳೆ ಬಿದ್ದು ನೀರು ಕೆಂಪಾಗಿತ್ತು, ಸೆಳೆತ ಇತ್ತು. ಇಹ್ಸಾನನನ್ನೂ ಕೂರಿಸಿಕೊಂಡು ನೀನು ಎಂಜಿನ್ ಸ್ಟಾರ್ಟ್ ಮಾಡಿದಾಗ ಅದೇ ಶಬ್ದ ಕೇಳಿತು. ಸುತ್ತ ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದೆ. ಬೋಟು ಹೊಳೆಯ ಮಧ್ಯಕ್ಕೆ ಹೋಗಿ ತಿರುಗುವಾಗ ಶಬ್ದ ತೆಳ್ಳಗಾಯಿತು, ಕಿರ್ ಎಂದಿತು, ನಿಂತಿತು. ಸೆಳೆತ ನಿಮ್ಮನ್ನು ಸೇತುವೆಯ ಕಂಬದ ಕಡೆ ಎಳೆಯಿತು. ಕೈಯಲ್ಲಿ ಒತ್ತಿ ತಪ್ಪಿಸಲು ಹೋದ ಇಹ್ಸಾನನ ತಲೆ ಕಂಬಕ್ಕೆ ಬಡಿಯಿತು. ಮೀನಿನ ದೋಣಿಯವರು ಹಗ್ಗ ಎಸೆಯದಿದ್ದರೆ ಏನಾಗುತ್ತಿತ್ತೋ. ಸೈನಬಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದು, "ಅಳಬೇಡ ಮಗಾ, ಅವರಿಗೆ ಏನೂ ಆಗುವುದಿಲ್ಲ" ಎಂದರು. ತಮ್ಮ ಇಬ್ಬರೂ ಮಕ್ಕಳು ನೀರಿನಲ್ಲಿರುವಾಗ ನನ್ನನ್ನು ಸಮಾಧಾನ ಮಾಡಿದರು.

ದಡಕ್ಕೆ ಬಂದು ಒದ್ದೆ ಬಟ್ಟೆಯಲ್ಲಿ ನೀನು ಎಲ್ಲರ ಎದುರು ಹೇಳಿದ್ದೇನು? "ತಪ್ಪು ನನ್ನದೇ. ರಮ್ಯ ಸರಿಯಾಗಿಯೇ ಹೇಳಿದ್ದಳು, ಕಾರ್ಬುರೇಟರ್ ನಾನೇ ಸಮ ಕ್ಲೀನ್ ಮಾಡಲಿಲ್ಲ." ನೀನು ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ.

ನಿನ್ನೆ ದೇವಿಪ್ರಸಾದರಿಗೆ ಎಲ್ಲ ಹೇಳಿದೆ. ಮೊಬೈಲು ಬದಿಗಿಟ್ಟು ಪೂರ್ತಿ ಕೇಳಿದರು. ಆಮೇಲೆ, "ಮೊದಲು ಅವಳಿಗೆ ಗೊತ್ತಾಗಬೇಕು. ಇಲ್ಲದಿದ್ದರೆ ಅದೇ ಎಂಜಿನ್ ಹಾಕಿಕೊಂಡು ಪುನಃ ನೀರಿಗೆ ಇಳಿಯುತ್ತಾಳೆ" ಎಂದರು. ಈ ಪತ್ರವನ್ನು ಅವರೇ ತಂದು ಕೊಡುತ್ತಾರೆ. ಜೊತೆಗೆ ಎರಡು ಹೊಸ ಸೀಲ್ ಉಂಟು, ಅಳತೆ ನೋಡಿಯೇ ತರಿಸಿದ್ದು. ಎರಡನ್ನೂ ಬದಲಿಸು. ಎಂಜಿನ್ ಜೋಡಿಸಿದ ಮೇಲೆ ಗಾಳಿ ಬರುವ ಹೋಗುವ ಎಲ್ಲ ದಾರಿ ಮುಚ್ಚಿ ಸೈಕಲ್ ಪಂಪಿನಲ್ಲಿ ಮೆಲ್ಲ ಗಾಳಿ ಹಾಕಿ, ಸೀಲಿನ ಸುತ್ತ ಸೋಪಿನ ನೀರು ಹಚ್ಚಿ ನೋಡು. ಒಂದು ಗುಳ್ಳೆ ಬಂದರೂ ಹೊಳೆಗೆ ಇಳಿಸಬೇಡ. ಇದು ನಿಜವೋ ಎಂದು ಅನುಮಾನವಿದ್ದರೆ ಬೇರೆ ಯಾರನ್ನಾದರೂ ಕೇಳು. ಇನ್ನು ನನ್ನ ಮಾತು ನಂಬಬೇಕಾಗಿಲ್ಲ.

ಪತ್ರವನ್ನು ಸೈನಬಮ್ಮನಿಗೂ ಇಹ್ಸಾನನಿಗೂ ಓದಿ ಹೇಳು. ಬರುವ ಭಾನುವಾರ ಬೆಳಗ್ಗೆ ನಾನು ಪಾಣೆಮಂಗಳೂರಿಗೆ ಬರುತ್ತೇನೆ. ಬಾಗಿಲು ತೆರೆಯದಿದ್ದರೆ ಬಂದ ಬಸ್ಸಿನಲ್ಲೇ ವಾಪಸು ಹೋಗುತ್ತೇನೆ, ಬೇಸರ ಮಾಡುವುದಿಲ್ಲ.

ನಿನ್ನ,
ರಮ್ಯಶ್ರೀ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಸೈನಬಮ್ಮ ನನ್ನ ಕೈ ಹಿಡಿದದ್ದು ಆಮೇಲೆ. ಎಂಜಿನ್ ನಿಂತ ಕ್ಷಣ ನನಗೆ ಹೆದರಿಕೆಯಾಗಲಿಲ್ಲ ಜುವೈರಿಯಾ. ನನ್ನ ಕಿವಿ ತಪ್ಪಿರಲಿಲ್ಲ ಎಂದು ಖುಷಿಯಾಯಿತು. ನೀನು ಬೋಟಿನಲ್ಲಿ ಎದ್ದು ನಿಂತು ಸಹಾಯಕ್ಕೆ ಕೈ ಬೀಸುವವರೆಗೂ ಆ ಖುಷಿ ಇತ್ತು.