ಚೆಂಡಿಗೂ ಮಡಿ

ವೆಸ್ಟ್ ಮಾಂಬಲಂ,
ಡಿಸೆಂಬರ್ ೧೯೭೯

ತುಂಗಾ,

ನಿನ್ನ ಮದುವೆಗೂ ಬಾರದವಳ ಕಾಗದ ನಿನಗೇಕೆ? ಇದನ್ನು ಅಂಚೆಗೆ ಹಾಕುವುದಿಲ್ಲ. ಆದರೆ ಇವತ್ತಿನ ಸುದ್ದಿಯನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಹೆಂಗಸರ ಏಷ್ಯಾ ಫುಟ್‌ಬಾಲ್ ಪಂದ್ಯಾವಳಿಗೆ ಆಯ್ಕೆಯಾಗಿದ್ದೇನೆ ಕಣೇ! ಗೋಲ್‌ಕೀಪರ್ ಆಗಿ, ಹಿಂದೆ ನೀನು ನಿಲ್ಲುತ್ತಿದ್ದ ಜಾಗದಲ್ಲೇ. ಕಲ್ಲಿಕೋಟೆಗೆ ಹೊರಡುವ ಮುನ್ನ ಇವತ್ತು ಇಲ್ಲೊಂದು ಅಭ್ಯಾಸ ಪಂದ್ಯವಿತ್ತು. ನೋಡಲು ಯಾರು ಬಂದಿದ್ದರು ಗೊತ್ತೇ? ನಿನ್ನ ಅಮ್ಮ! ನೀನು ಚರ್ಮದ ಚೆಂಡು ಮುಟ್ಟಿ ಬಂದೆ ಎಂದು ಹಿತ್ತಿಲ ನಲ್ಲಿಯ ಕೆಳಗೆ ನಿಲ್ಲಿಸಿ ತಲೆಗೆ ನೀರು ಸುರಿಯುತ್ತಿದ್ದ, ಕೊನೆಗೆ ಆಟವನ್ನೇ ಬಿಡಿಸಿದ ಅದೇ ಜಾನಕಮ್ಮನವರು!

ಸುತ್ತಲಿನ ತಮಿಳರೆಲ್ಲ "ಪುಡಿ, ಪುಡಿ" ಎಂದು ಕೂಗುತ್ತಿದ್ದರೆ, ನಿನ್ನ ಅಮ್ಮನದೊಂದು ದನಿ ಮಾತ್ರ ಕನ್ನಡದಲ್ಲಿ "ಹಿಡಿಯೇ ಸುಮತಿ, ಬಿಡಬೇಡ್ವೇ!" ಎನ್ನುತ್ತಿತ್ತು. ನಾನು ಒಂದನ್ನೂ ಬಿಡಲಿಲ್ಲ.

ಆಟ ಮುಗಿದ ಮೇಲೆ ಹತ್ತಿರ ಬಂದು, "ಎಲ್ಲರೂ ಕಾಲಲ್ಲೇ ಒದೀತಾರೆ, ಕೈಯಲ್ಲಿ ಮುಟ್ಟೋಳು ನೀನೊಬ್ಬಳೇ. ನಮ್ಮನೆ ಮಡಿ ಥರಾನೇ ಇದೆಯಲ್ಲೇ ಇದು!" ಎಂದರು. ನಾನು ನಕ್ಕು ನಕ್ಕು ಹುಲ್ಲಿನ ಮೇಲೆ ಕೂತೇಬಿಟ್ಟೆ. ಅವರೂ ನಕ್ಕರು. ನಗುತ್ತಲೇ ಬಗ್ಗಿ, ಆ ಕೆಸರು ಚೆಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ತುಂಗಾ ಚೆನ್ನಾಗಿ ಹಿಡೀತಿದ್ದಳೇನೇ?"

"ನನಗಿಂತ ಚೆನ್ನಾಗಿ, ಮಾಮಿ."

ನಿನ್ನ ಆಟ ಬಿಡಿಸಿದ ದಿನ ನಾನು ನಿಮ್ಮ ಬಾಗಿಲಲ್ಲೇ ನಿಂತಿದ್ದೆ, ತುಂಗಾ. ಈ ಮಾತು ಅವತ್ತೂ ನನ್ನ ಬಾಯಲ್ಲಿತ್ತು; ಆಡಲಿಲ್ಲ.

ಸುಮತಿ