ಕುಂಕುಮ ಇಟ್ಟು ಕರೆದ ಸಭೆ

ಅರೆಕೆರೆ, ಬೆಂಗಳೂರು
ಆಗಸ್ಟ್ 21, ಶುಕ್ರವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಮಾಡುವ ನಮಸ್ಕಾರಗಳು. ಮಂಡಿನೋವು ಹೇಗಿದೆ? ಬಾಣಂತಿಗೆ ನೀರು ಹಾಕುವ ಭರದಲ್ಲಿ ನಿಮ್ಮ ಮಾತ್ರೆ ಮರೆಯುತ್ತಿಲ್ಲ ತಾನೇ? ಕೂಸು ನಿಮ್ಮ ಕಾಲ ಮೇಲೆ ಮಲಗಿ ಎಣ್ಣೆ ಹಚ್ಚಿಸಿಕೊಳ್ಳುವ ವಿಡಿಯೋ ನೋಡಿ ನಿಮ್ಮ ಮಗ ರಘು ಹಿಗ್ಗಿ ಹೀರೇಕಾಯಿ ಆಗಿದ್ದಾರೆ. ತಂಗಿ ಶೃತಿಯ ಮಗಳು ಥೇಟ್ ಸೋದರಮಾವನ ಹಾಗೆ ಇದ್ದಾಳಂತೆ! ಫೋನು ಮಾಡಿದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಕೂಸು ಅಳುತ್ತದೆ, ನೀವು "ಆಮೇಲ್ ಮಾಡ್ತೀನಿ ಕಣವ್ವ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ನಾಳೆ ಮಳವಳ್ಳಿಗೆ ಬರುವ ರಘು ಕೈಯಲ್ಲಿ ಅಂಟಿನುಂಡೆ ಡಬ್ಬಿಯ ಜೊತೆ ಈ ಪತ್ರ ಕಳಿಸುತ್ತಿದ್ದೇನೆ. ಉಂಡೆ ಶೃತಿಗೆ, ಪತ್ರ ನಿಮಗೆ.

ಮಗಳ ಚೊಚ್ಚಲ ಬಾಣಂತನ ತವರಿನಲ್ಲಿ ಆಗಲಿಲ್ಲವಲ್ಲ ಎಂದು ನೀವು ಎಷ್ಟು ನೊಂದುಕೊಂಡಿರಿ ಎನ್ನುವುದು ನನಗೆ ಗೊತ್ತು. ಜೋರು ಮಳೆ ಬಂದಾಗಲೆಲ್ಲ ಬೀದಿಯ ಮೋರಿ ಉಕ್ಕಿ ನಮ್ಮ ಕೆಳಗಿನ ರೂಮಿಗೇ ನುಗ್ಗುತ್ತಿತ್ತು. ಮಹಡಿಯ ಕಡಿದಾದ ಮೆಟ್ಟಿಲು ಹಸಿ ಬಾಣಂತಿ ಹತ್ತುವಂಥದ್ದಲ್ಲ. "ಆ ಗಲೀಜ್ ನೀರಲ್ಲಿ ಹಸುಗೂಸು ಮಲಗಿಸ್ಲಾ?" ಎಂದು ಬಟ್ಟೆ ಕಟ್ಟಿಕೊಂಡು ನೀವೇ ಮಳವಳ್ಳಿಯ ಬೀಗರ ಮನೆಗೆ ಹೊರಟಿರಿ. ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ, ಈ ಮೋರಿ ಸರಿ ಮಾಡಿಸಿ ಕೂಸನ್ನು ಮನೆ ತುಂಬಿಸಿಕೊಳ್ಳಲೇಬೇಕು ಎಂದು.

ಸಭೆ ಆಯ್ತು, ಮೋರಿ ಕೆಲಸ ಶುರುವಾಯ್ತು ಎಂದಷ್ಟೇ ಫೋನಿನಲ್ಲಿ ಹೇಳಿದ್ದೆ. ಹೇಗಾಯ್ತು ಎಂದು ಹೇಳಲು ನಾಚಿಕೆ. ಪಾಲಿಕೆಯೂ ಹೊಸದು, ವಾರ್ಡೂ ಹೊಸದು, ಯಾವ ಕೆಲಸ ಮೊದಲು ಆಗಬೇಕು ಎಂದು ಜನರೇ ಸಭೆ ಸೇರಿ ಹೇಳಬಹುದು ಎಂದು ಮೊಬೈಲಿಗೆ ಸಂದೇಶ ಬಂತಲ್ಲ. ಮೊದಲ ಸಭೆಗೆ ಹೋದವರು ಮಾವ, ಅವರ ಗೆಳೆಯ ಪಿಳ್ಳಪ್ಪನವರು, ಮತ್ತೆ ಬೋಂಡ ಕೊಡುತ್ತಾರೆ ಎಂದು ಬಂದ ನಾಲ್ಕಾರು ಜನ. ಪಿಳ್ಳಪ್ಪನವರಿಗೆ ಊರಬಾಗಿಲಿಗೆ ದೊಡ್ಡ ಸ್ವಾಗತ ಕಮಾನು ಬೇಕಂತೆ. ಮಾವ ಗೆಳೆಯನ ಮಾತಿಗೆ ತಲೆಯಾಡಿಸಿ ಬಂದರು! ನನಗೆ ಬಂದ ಸಿಟ್ಟಿಗೆ ಅವತ್ತು ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಆಷಾಢಕ್ಕೆ ಮುಂಚಿನ ಭಾನುವಾರ ಎರಡನೇ ಸಭೆ, ಅಲ್ಲಿ ಹೆಚ್ಚು ಕೈ ಎದ್ದ ಕೆಲಸವೇ ಗಟ್ಟಿ.

ಆಗ ನಿಮ್ಮ ಮಾತು ನೆನಪಾಯಿತು, "ಮೊಬೈಲಲ್ಲಿ ಕರುದ್ರೆ ಯಾರ್ ಬತ್ತಾರವ್ವ? ಹೊಸ್ಲಿಗೋಗಿ ಕುಂಕುಮ ಇಟ್ ಕರೀಬೇಕು." ನಿಮ್ಮ ಬೆಳ್ಳಿ ಕುಂಕುಮದ ಭರಣಿ ಹಿಡಿದು ಬೀದಿಯ ಎರಡೂ ಬದಿ ತಿರುಗಿದೆ ಅತ್ತೆ. ಮದುವೆಯಾಗಿ ಇಷ್ಟು ವರ್ಷವಾದರೂ ಎಷ್ಟೋ ಮನೆಗೆ ನಾನು ಕುಮಾರಸ್ವಾಮಿ ಲೇಔಟಿನಿಂದ ಬಂದ ಹುಡುಗಿ ಅಷ್ಟೇ. ಅವತ್ತು ಒಬ್ಬೊಬ್ಬರೂ ಒಳಗೆ ಕರೆದು ಕಾಫಿ ಕೊಟ್ಟರು. "ಭಾನುವಾರ ಹತ್ತು ಗಂಟೆಗೆ ಸಮುದಾಯ ಭವನಕ್ಕೆ ಬನ್ನಿ, ವಾರ್ಡ್ ಸಭೆ ಇದೆ" ಎಂದು ಎಲ್ಲ ಕಡೆಯೂ ಹೇಳಿದೆ, ನಿಮ್ಮಾಣೆ. ಆದರೆ ಕುಂಕುಮ ಇಟ್ಟ ಮೇಲೆ ಮಿಕ್ಕ ಮಾತು ಯಾರ ಕಿವಿಗೆ ಬೀಳುತ್ತದೆ? ಶೃತಿ ಹೆತ್ತ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಎದುರುಮನೆ ನೀಲಗಂಗಮ್ಮನವರು ನಾಮಕರಣ ಎಂದೇ ತಿಳಿದು, ನಾನು ಹೋಗದ ಮನೆಗಳಿಗೂ ಹೇಳಿಬಿಟ್ಟಿದ್ದರು.

ಭಾನುವಾರ ಸಮುದಾಯ ಭವನ ನೋಡಬೇಕಿತ್ತು! ರೇಷ್ಮೆ ಸೀರೆ, ಮಲ್ಲಿಗೆ, ಕೈಯಲ್ಲಿ ಕುಲಾವಿ, ಗಿಲಕಿ, ಫ್ರಾಕು, ಮುಯ್ಯಿಯ ಕವರು. ಅಪಾರ್ಟ್‌ಮೆಂಟಿನವರೂ ಬಂದಿದ್ದರು. ವೇದಿಕೆಯ ಮೇಲೆ ಪಾಲಿಕೆಯ ಇಂಜಿನಿಯರ್ ನಕ್ಷೆ ಹಿಡಿದುಕೊಂಡು ಕಕ್ಕಾಬಿಕ್ಕಿ. ನೀಲಗಂಗಮ್ಮನವರು ಸುತ್ತ ನೋಡಿ, "ತೊಟ್ಲೆಲ್ಲಮ್ಮ ಅರ್ಪಿತ?" ಎಂದರು. ಇನ್ನೇನು ಮಾಡಲಿ, ಮೈಕು ಹಿಡಿದು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಮಗು ಬಂದಿಲ್ಲ, ಮೋರಿ ನೀರಿನ ಹೆದರಿಕೆಗೆ ನಮ್ಮ ಶೃತಿ ತವರಿಗೇ ಬಂದಿಲ್ಲ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಯಾರೂ ಎದ್ದು ಹೋಗಲಿಲ್ಲ. ಒಬ್ಬರು ತಮ್ಮ ಅಡುಗೆಮನೆಗೆ ನುಗ್ಗಿದ ನೀರಿನ ಕಥೆ ತೆಗೆದರು, ಇನ್ನೊಬ್ಬರು ನೆನೆದುಹೋದ ಅಕ್ಕಿ ಮೂಟೆಯದು. ಕೊನೆಗೆ ನೀಲಗಂಗಮ್ಮನವರು ಎದ್ದು, "ಮೊದ್ಲು ಮೋರಿ, ಆಮೇಲ್ ಕಮಾನು. ಕೈ ಎತ್ರಮ್ಮ ಎಲ್ರೂ" ಎಂದರು. ಭವನದ ತುಂಬ ಬಳೆ ಸದ್ದು. ಮಾವ ಪಕ್ಕದಲ್ಲಿದ್ದ ಗೆಳೆಯನ ಮುಖ ನೋಡಿದರು, ತಮ್ಮ ಮಡಿಲಲ್ಲಿ ಯಾರೋ ಇಟ್ಟಿದ್ದ ಪುಟ್ಟ ಕುಲಾವಿ ನೋಡಿದರು. "ಪಿಳ್ಳಪ್ಪ, ನನ್ ಮೊಮ್ಮಗ್ಳು ಬರ್ಲಿ ಕಣಯ್ಯ" ಎಂದು ಕೈ ಎತ್ತಿದರು. ಪಾಪ, ಪಿಳ್ಳಪ್ಪನವರೂ ಹಿಂದೆಯೇ ಎತ್ತಿದರು.

ಹೂಳು ತೆಗೆದರು, ಕಟ್ಟಿಕೊಂಡಿದ್ದ ಕಡೆ ಒಡೆದು ಅಗಲ ಮಾಡಿದರು. ಒಂದಷ್ಟು ಕಲ್ಲುಚಪ್ಪಡಿ ಮುಚ್ಚುವುದು ಬಾಕಿ ಇದೆ, ನಿತ್ಯ ಯಾರಾದರೂ ಹೆಂಗಸರು ನಿಂತು ಇಂಜಿನಿಯರಿಗೆ ಫೋನು ಮಾಡುತ್ತಾರೆ. ಉಡುಗೊರೆ ವಾಪಸ್ಸು ಕೊಡಲು ಹೋದರೆ ಒಬ್ಬರೂ ಮುಟ್ಟಲಿಲ್ಲ, ನಿಮ್ಮ ಬೀರು ತುಂಬ ಅದೇ. ಈ ಬೀದಿಯ ಜನರಿಗೆ ನಾನು ಹೇಗೆ ಉಪಕಾರ ತೀರಿಸಲಿ? ನನಗೆ ಹೊಸಿಲು ತುಳಿಯುವುದನ್ನು ಕಲಿಸಿದ ನಿಮಗಂತೂ ತೀರಿಸಲಾರೆ. ಈಗ ತರಕಾರಿಗೆ ಹೋದರೂ ಮನೆ ಸೇರಲು ಒಂದು ಗಂಟೆ ಬೇಕು, ಅಷ್ಟು ಜನ ಮಾತಾಡಿಸುತ್ತಾರೆ.

ಬೀಗರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸಿ. ಶೃತಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳಲು ಹೇಳಿ, ಪುಟ್ಟಿಗೆ ಅತ್ತೆಯ ಮುತ್ತುಗಳು.

ನಿಮ್ಮ ಸೊಸೆ,
ಅರ್ಪಿತ

ಮರೆತಿದ್ದೆ: ಬೇಗ ಡಬ್ಬಿ ಕಟ್ಟಿಡು ಎಂದು ರಘು ಅವಸರ ಮಾಡುತ್ತಿದ್ದಾರೆ, ಮುಖ್ಯ ವಿಷಯವನ್ನೇ ಬಿಟ್ಟಿದ್ದೇನೆ. ಮೊನ್ನೆ ಮಧ್ಯಾಹ್ನ ಇಲ್ಲಿ ಆಕಾಶವೇ ಹರಿದುಬಿದ್ದಂಥ ಮಳೆ. ಮಾವ ಕೆಳಗಿನ ರೂಮಿನಲ್ಲಿ ಚಾಪೆ ಹಾಸಿಕೊಂಡು ಕೂತವರು ಮಳೆ ನಿಲ್ಲುವವರೆಗೂ ಏಳಲಿಲ್ಲ, ಊಟಕ್ಕೆ ಕರೆದರೂ ಬರಲಿಲ್ಲ. ಚಾಪೆ ಒದ್ದೆಯಾಗಲಿಲ್ಲ ಅತ್ತೆ. ಈಗ ಅದೇ ಜಾಗದಲ್ಲಿ ತೊಟ್ಟಿಲು ಕಟ್ಟಿದ್ದಾರೆ. ಬೀಗರಿಗೆ ಅವರೇ ಫೋನು ಮಾಡಿ ಒಪ್ಪಿಸಿಯೂ ಆಗಿದೆ. ರಘು ಕಾರು ತರುತ್ತಿರುವುದು ಉಂಡೆ ಡಬ್ಬಿ ಕೊಡುವುದಕ್ಕಲ್ಲ. ಮೂವರೂ ಹೊರಟು ಬನ್ನಿ.