ಬಲಗಡೆಯ ಸ್ಪೀಕರ್

ಮನೆ, ಊಟದ ಮೇಜು
ಬುಧವಾರ, ಹದಿನೇಳನೇ ತಾರೀಖು, ಮಧ್ಯಾಹ್ನ ಮೂರೂವರೆ

ಪ್ರೀತಿಯ ಇವಳೇ,

ನಿನ್ನ ಮಂಡಿನೋವು ಹೇಗಿದೆ? ನಿಮ್ಮಕ್ಕನ ಮನೆಯ ಮೆಟ್ಟಿಲುಗಳು ಬಹಳ ಕಡಿದಾಗಿವೆ, ಇಳಿಯುವಾಗ ಕಂಬಿ ಹಿಡಿದುಕೋ, ನಾಚಿಕೊಳ್ಳಬೇಡ. ನಿಮ್ಮಕ್ಕನ ರಕ್ತದೊತ್ತಡ ಹತೋಟಿಗೆ ಬಂತೇ? ಷಡ್ಡಕರು ಈಗಲೂ ಬೆಳಿಗ್ಗೆ ಪೇಪರನ್ನು ಗಟ್ಟಿಯಾಗಿ ಓದಿ ಇಡೀ ಬೀದಿಗೆ ಸುದ್ದಿ ಹಂಚುತ್ತಾರೆಯೇ? ನನ್ನ ವಿಷಯ ಕೇಳಿದರೆ, ಹೊಟ್ಟೆಗೆ ತೊಂದರೆಯಿಲ್ಲ. ಅನ್ನ ಈಗ ಮುದ್ದೆಯಾಗುವುದಿಲ್ಲ, ತಳವೂ ಹತ್ತುವುದಿಲ್ಲ. ಕಿಟಕಿಯ ಕುಂಡಗಳಿಗೆ ನೀರು ಹಾಕುತ್ತಿದ್ದೇನೆ. ಒಂದು ಗಿಡ ಸತ್ತಿತು, ಆದರೆ ಅದು ನೀನಿದ್ದಾಗಲೇ ಸಾಯುವ ಮನಸ್ಸು ಮಾಡಿತ್ತು ಎಂದು ನನ್ನ ಅನುಮಾನ.

ಎರಡು ವಾರ ಇದ್ದು ಬರುತ್ತೇನೆಂದು ನೀನು ಹೋಗಿ ಮೊನ್ನೆಗೆ ನಾಲ್ಕು ತಿಂಗಳಾಯಿತು. ಫೋನ್ ಮಾಡಿದರೆ ‘ಊಟ ಆಯ್ತಾ, ಗ್ಯಾಸ್ ಆಫ್ ಮಾಡಿದ್ರಾ’ ಎಂದು ಎರಡು ಮಾತು ಕೇಳಿ ಫೋನನ್ನು ನಿಮ್ಮಕ್ಕನ ಕೈಗೆ ಕೊಡುತ್ತೀಯ. ಅವರು ‘ಇನ್ನೂ ಸ್ವಲ್ಪ ದಿನ ಇರ್ತಾಳೆ ಬಿಡಿ’ ಅನ್ನುತ್ತಾರೆ. ಯಾಕೆ ಎಂದು ಕೇಳಲು ನನಗೆ ಧೈರ್ಯವಿಲ್ಲ, ಹೇಳಲು ಅವರಿಗೆ ಮನಸ್ಸಿಲ್ಲ. ನಾವು ಜಗಳವಾಡಿದ್ದರೆ ಯಾರು ಮೊದಲು ಸೋಲಬೇಕು ಎನ್ನುವುದಾದರೂ ತಿಳಿಯುತ್ತಿತ್ತು. ಜಗಳವೇ ಆಗಲಿಲ್ಲವಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಊರಿನವರ ಕಾಗದವನ್ನೆಲ್ಲ ಅಚ್ಚು ಹಾಕಿದವನು ನಿನಗೆ ಒಂದು ಪುಟವೂ ಬರೆದಿರಲಿಲ್ಲ ಎಂದು ಪೆನ್ನು ಹಿಡಿದಮೇಲೆ ಹೊಳೆಯಿತು.

ಮೊದಲು ಒಂದು ತಪ್ಪೊಪ್ಪಿಗೆ. ಅಡುಗೆಮನೆಯ ನಿನ್ನ ಟೇಪ್ ರೆಕಾರ್ಡರ್ ಸತ್ತುಹೋಯಿತು. ಮನೆ ತೀರಾ ಬಿಕೋ ಅನ್ನುತ್ತಿತ್ತು, ಏನಾದರೂ ಹಾಡಲಿ ಎಂದು ಒಂದು ಕ್ಯಾಸೆಟ್ ಹಾಕಿದೆ. ಅದು ಹಾಡುವ ಬದಲು ಟೇಪನ್ನು ತಿನ್ನತೊಡಗಿತು. ಪೆನ್ಸಿಲ್ ತೂರಿಸಿ ಸುತ್ತಿ ನೋಡಿದೆ, ತುಂಡಾಯಿತು. ಆಗ ನಿನ್ನ ಮಾತು ನೆನಪಾಯಿತು: ‘ಇದರಲ್ಲಿ ಯಾರು ಹಾಡಿದ್ರೂ ಡಬ್ಬದೊಳಗೆ ಕೂತು ಹಾಡಿದ ಹಾಗಿರುತ್ತೆ. ಒಂದಿನ ಒಳ್ಳೇ ಸ್ಪೀಕರ್ ತರೋಣ ರೀ.’ ಆ ಒಂದು ದಿನ ಹದಿನೈದು ವರ್ಷದಿಂದ ಬಂದಿರಲಿಲ್ಲ. ತಂದೇಬಿಡೋಣ, ನೀನು ಬಂದು ಬಾಗಿಲು ತೆಗೆದಾಗ ಹಾಡುತ್ತಿರಲಿ ಅಂದುಕೊಂಡೆ. ಎದುರುಮನೆಯ ಟೈಲರನ್ನು ಕೇಳಿದೆ. ಅವನಿಗೆ ಗೊತ್ತಿಲ್ಲದ ಅಂಗಡಿ ಈ ಊರಲ್ಲಿ ಇಲ್ಲವಲ್ಲ, ವಿಳಾಸ ಬರೆದುಕೊಟ್ಟ.

ಅಂಗಡಿ ಎಂದರೆ ಅಂಗಡಿಯಲ್ಲ. ಒಳಗೊಂದು ಕೋಣೆ. ನೆಲಕ್ಕೆ ದಪ್ಪ ಜಮಖಾನ, ಗೋಡೆಗೆಲ್ಲ ಪರದೆ, ನಟ್ಟನಡುವೆ ಒಂದೇ ಒಂದು ಕುರ್ಚಿ, ಅದರೆದುರು ಎಡಕ್ಕೊಂದು ಬಲಕ್ಕೊಂದು ನನ್ನ ಎದೆಯೆತ್ತರದ ಸ್ಪೀಕರ್. ಅಂಗಡಿ ನಡೆಸುವವಳು ನಲವತ್ತರ ಹೆಂಗಸು, ಮೆಲ್ಲಗೆ ಮಾತಾಡುತ್ತಾಳೆ, ಎರಡೆರಡು ಸಲ ಹೇಳಿಸಿಕೊಳ್ಳಬೇಕಾಯಿತು. ‘ಯಾವುದು ಒಳ್ಳೆಯದು ನೀವೇ ಕೊಡಿ’ ಅಂದೆ. ‘ಹಾಗೆ ಕೊಡೋಕಾಗಲ್ಲ ಸರ್. ನಿಮಗೆ ಚೆನ್ನಾಗಿ ಪರಿಚಯ ಇರೋ ಹಾಡು ಮೂರು ತನ್ನಿ, ಇಲ್ಲಿ ಹಾಕಿ ಕೇಳಿ. ಗೊತ್ತಿಲ್ಲದ ಹಾಡು ಹಾಕಿದ್ರೆ ಹಾಡು ಚೆನ್ನಾಗಿದೆಯೋ ಸ್ಪೀಕರ್ ಚೆನ್ನಾಗಿದೆಯೋ ತಿಳಿಯಲ್ಲ. ನಿಮಗೆ ಬಾಯಿಪಾಠ ಆಗಿರೋ ಹಾಡು ಯಾವುದು ಹೇಳಿ?’ ಅಂದಳು. ಒಂದೂ ನೆನಪಾಗಲಿಲ್ಲ ಕಣೇ. ಅರವತ್ತು ವರ್ಷ ಬದುಕಿದವನಿಗೆ ಚೆನ್ನಾಗಿ ಗೊತ್ತಿರುವ ಹಾಡು ಒಂದೂ ಇಲ್ಲ ಎಂದರೆ ಅವಳು ನಂಬುತ್ತಾಳೆಯೇ? ನಾಳೆ ತರುತ್ತೇನೆ ಎಂದು ಹೇಳಿ, ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟವನ ಹಾಗೆ ಹೊರಗೆ ಬಂದೆ.

ಮೂರು ದಿನ ನಿನ್ನ ಕಪಾಟು ಜಾಲಾಡಿದೆ. ಇರುವ ಸಿ.ಡಿ.ಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆ. ನನಗೆ ಚೆನ್ನಾಗಿ ಗೊತ್ತಿದ್ದದ್ದು ಹೊದಿಕೆಗಳು. ಎರಡು ನಮ್ಮ ಪ್ರೆಸ್ಸಿನಲ್ಲೇ ಅಚ್ಚಾದವು, ಅವುಗಳಲ್ಲೊಂದು ಕೊಳಲಿನದು, ಅದರಲ್ಲಿ ನೀಲಿ ಬಣ್ಣ ಅರ್ಧ ಕೂದಲೆಳೆ ಜರುಗಿರುವುದು ಇವತ್ತಿಗೂ ನನಗೆ ಕಾಣುತ್ತದೆ. ಒಳಗಿನ ಕೊಳಲು ಹೇಗಿದೆ ಎಂದರೆ ಗೊತ್ತಿಲ್ಲ. ನನಗೆ ಬಾಯಿಪಾಠ ಇದ್ದದ್ದು ಮಷೀನಿನ ಸದ್ದೊಂದೇ, ಅದನ್ನು ಸ್ಪೀಕರಿನಲ್ಲಿ ಯಾರು ಕೇಳುತ್ತಾರೆ? ಕೊನೆಗೆ ಬಟ್ಟೆ ಮಡಿಸುವಾಗ ನೀನು ಹಾಡಿಕೊಳ್ಳುವ ಹಾಡೊಂದು ಇದೆಯಲ್ಲ, ಅದು ನೆನಪಾಯಿತು. ಶುರು ಮಾಡಿದರೆ ಕೊನೆಯವರೆಗೂ ನನ್ನ ತಲೆಯೊಳಗೆ ತಾನಾಗಿಯೇ ಓಡುತ್ತದೆ. ಟೈಲರ್‌ಗೆ ಸಿಳ್ಳೆ ಹೊಡೆದು ತೋರಿಸಿದೆ. ಮೂರು ಸಲ ಹೊಡೆಸಿ, ‘ಯಜಮಾನ್ರೇ, ಇದು ಹಾಡೋ ಕುಕ್ಕರ್ರೋ’ ಎಂದು ನಕ್ಕು, ಆಮೇಲೆ ಅವನೇ ಅದರ ಸಿ.ಡಿ. ಪತ್ತೆಹಚ್ಚಿ ತಂದುಕೊಟ್ಟ.

ಅವನ ಮನೆಯಲ್ಲೇ ಹಾಕಿ ಕೇಳಿದೆವು. ನನಗೆ ತಲೆಬುಡ ತಿಳಿಯಲಿಲ್ಲ. ನೀನು ಮೇಲಕ್ಕೆ ಹೋಗುವಲ್ಲಿ ಸಿ.ಡಿ.ಯ ಗಾಯಕಿ ಕೆಳಗೆ ಇಳಿಯುತ್ತಾಳೆ. ನೀನು ಎರಡು ಸಲ ಹೇಳುವ ಸಾಲನ್ನು ಒಂದೇ ಸಲ ಹೇಳಿ ಮುಂದೆ ಹೋಗುತ್ತಾಳೆ. ಕೊನೆಯ ಚರಣವಂತೂ ಅದರಲ್ಲಿ ಇಲ್ಲವೇ ಇಲ್ಲ. ‘ಈಕೆ ತಪ್ಪು ಹಾಡಿದ್ದಾಳೆ’ ಅಂದೆ. ಟೈಲರ್ ನನ್ನನ್ನು ದಿಟ್ಟಿಸಿ ನೋಡಿ, ‘ಯಜಮಾನ್ರೇ, ಈ ಹಾಡನ್ನ ಮೊದಲು ಹಾಡಿದವಳೇ ಅವಳು. ಅಕ್ಕಾವ್ರು ಬೇರೆ ಯಾವುದರದೋ ಚರಣ ತಂದು ಇದಕ್ಕೆ ಹೊಲಿದಿದ್ದಾರೆ ಅಷ್ಟೇ’ ಅಂದ. ಇಷ್ಟು ವರ್ಷ ನೀನು ತಪ್ಪಾಗಿ ಹಾಡುತ್ತಿದ್ದೆ, ನಾನು ಅದನ್ನೇ ಸರಿಯೆಂದು ಕಲಿತಿದ್ದೆ. ಈಗ ಯಾವುದನ್ನು ಗೊತ್ತಿರುವ ಹಾಡು ಎಂದು ಒಯ್ಯಲಿ? ಗೊಂದಲ ಬೇಡವೆಂದು ಅದನ್ನೂ ಕೊಳಲಿನ ಸಿ.ಡಿ.ಯನ್ನೂ ಟೈಲರ್ ಕೊಟ್ಟ ಬ್ಯಾಂಡ್‌ಸೆಟ್ಟಿನ ಸಿ.ಡಿ.ಯನ್ನೂ ಒಂದು ಚೀಲಕ್ಕೆ ಹಾಕಿಕೊಂಡು, ಟೈಲರನ್ನೂ ಜೊತೆಗೆ ಕರೆದುಕೊಂಡು ಮತ್ತೆ ಹೋದೆ.

ಕುರ್ಚಿಯಲ್ಲಿ ಕೂತೆ. ಅಂಗಡಿಯಾಕೆ ಕೊಳಲು ಹಾಕಿದಳು. ಅರ್ಧ ನಿಮಿಷ ಸಾಕಾಯಿತು ನನಗೆ. ಎಡಗಡೆಯ ಸ್ಪೀಕರ್ ಗಾಜಿನಷ್ಟು ಚೊಕ್ಕ, ಊದುವವನು ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಬಲಗಡೆಯದ್ದಕ್ಕೆ ಕಂಬಳಿ ಹೊದಿಸಿದ ಹಾಗಿತ್ತು. ನಾನು ಕೈ ಎತ್ತಿ ನಿಲ್ಲಿಸಿ, ‘ಅಮ್ಮಾ, ಈ ಬಲಗಡೆಯದ್ದು ಕೆಟ್ಟಿದೆ’ ಅಂದೆ. ನಿನಗೆ ಗೊತ್ತಲ್ಲ ನನ್ನ ಜಂಬ. ಪ್ರೆಸ್ಸಿನ ಇನ್ನೊಂದು ತುದಿಯಿಂದಲೇ ಯಾವ ರೋಲರ್ ಸವೆದಿದೆ ಎಂದು ಹೇಳುತ್ತಿದ್ದವನು ನಾನು. ಮಾಲೀಕರೇ ‘ಅವನ ಕಿವಿ ಕೇಳಿ ಆಮೇಲೆ ಮೆಕ್ಯಾನಿಕ್ಕನ್ನ ಕರೀರಿ’ ಅನ್ನುತ್ತಿದ್ದರು. ಆಕೆ ವೈರು ಬಿಚ್ಚಿ ಮತ್ತೆ ಹಾಕಿದಳು. ಕಂಬಳಿ ಹಾಗೇ ಇತ್ತು. ಎರಡೂ ಸ್ಪೀಕರನ್ನು ಅದಲುಬದಲು ಮಾಡಿದಳು. ಈಗಲೂ ಬಲಗಡೆಯದ್ದೇ ಕೆಟ್ಟದ್ದು. ಬೇರೆ ಜೋಡಿ ತಂದಿಟ್ಟಳು. ಅದರಲ್ಲೂ ಬಲಗಡೆಯದ್ದೇ. ‘ಏನಮ್ಮಾ, ನಿಮ್ಮ ಅಂಗಡೀಲಿ ಬಲಗಡೆಗೆ ಬರೀ ಕೆಟ್ಟ ಮಾಲೇ ಇಡ್ತೀರಾ?’ ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟೆ. ಹಿಂದೆ ನಿಂತಿದ್ದ ಟೈಲರ್ ಮೆಲ್ಲಗೆ ಬಗ್ಗಿ ನನ್ನ ಎಡಗಿವಿಯ ಹತ್ತಿರ ಬಂದು, ‘ಯಜಮಾನ್ರೇ, ನನಗೆ ಎರಡೂ ಒಂದೇ ಥರ ಕೇಳಿಸ್ತಿದೆ’ ಅಂದ.

ಅಂಗಡಿಯಾಕೆ ಕೊಳಲು ನಿಲ್ಲಿಸಿದಳು. ಆಮೇಲೆ ಹತ್ತಿರ ಬಂದು, ‘ಸರ್, ಒಂದು ಸಲ ಕುರ್ಚಿ ತಿರುಗಿಸಿ, ಸ್ಪೀಕರ್‌ಗೆ ಬೆನ್ನು ಹಾಕಿ ಕೂತ್ಕೊಳ್ತೀರಾ?’ ಅಂದಳು. ಇದೇನು ಆಟ ಎಂದುಕೊಂಡು ತಿರುಗಿ ಕೂತೆ. ಅದೇ ಕೊಳಲು ಬಂತು. ಇಲ್ಲಿಯವರೆಗೆ ಗಾಜಿನಂತಿದ್ದ ಸ್ಪೀಕರ್ ಈಗ ಕಂಬಳಿ ಹೊದ್ದಿತ್ತು. ಕೆಟ್ಟದ್ದು ಎಂದು ನಾನು ಬೈದದ್ದು ಚೊಕ್ಕವಾಗಿ ಹಾಡುತ್ತಿತ್ತು. ಆಕೆ ಹಾಡು ನಿಲ್ಲಿಸಿ ಒಂದು ಲೋಟ ನೀರು ತಂದುಕೊಟ್ಟು, ‘ಸ್ಪೀಕರ್ ಸರಿ ಇದೆ ಸರ್’ ಎಂದಷ್ಟೇ ಹೇಳಿದಳು. ನನಗೆ ಕೋಪ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ನೀರು ಕುಡಿಯದೆ ಎದ್ದು ಬಂದೆ. ದಾರಿಯುದ್ದಕ್ಕೂ ಟೈಲರ್ ಹವಾಮಾನದ ಬಗ್ಗೆ ಮಾತಾಡಿದ. ಪುಣ್ಯಾತ್ಮ, ನನ್ನ ಎಡಕ್ಕೇ ನಡೆದ.

ಮನೆಗೆ ಬಂದು ಅಲಾರಾಂ ಗಡಿಯಾರವನ್ನು ಬಲಗಿವಿಗೆ ಹಿಡಿದೆ. ನಿಂತುಹೋಗಿದೆ ಅನ್ನಿಸಿತು. ಎಡಗಿವಿಗೆ ಹಿಡಿದರೆ ಟಕ್ ಟಕ್ ಎಂದು ಗುದ್ದುತ್ತಿತ್ತು. ಮಾರನೆಯ ದಿನ ಕಿವಿ ಡಾಕ್ಟರ ಹತ್ತಿರ ಹೋದೆ. ಗಾಜಿನ ಗೂಡಿನೊಳಗೆ ಕೂರಿಸಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಎಂದರು. ಎಡಗಿವಿಗೆ ಒತ್ತಿದ್ದೇ ಒತ್ತಿದ್ದು. ಬಲಗಿವಿಗೆ ಬಂದಾಗ ಪರೀಕ್ಷೆ ಇನ್ನೂ ಶುರುವಾಗಿಲ್ಲವೆಂದು ಕಾಯುತ್ತಾ ಕೂತಿದ್ದೆ. ಅವರು ಬಾಗಿಲು ತೆಗೆದು ‘ಮುಗೀತು ಬನ್ನಿ’ ಅಂದರು. ಮೂವತ್ತೊಂದು ವರ್ಷ ಮಷೀನು ನನ್ನ ಬಲಕ್ಕೇ ಇತ್ತಲ್ಲ, ಅದರ ಕೆಲಸವಂತೆ. ‘ಹತ್ತು ವರ್ಷದಿಂದ ಸ್ವಲ್ಪ ಸ್ವಲ್ಪವಾಗಿ ಹೋಗಿದೆ. ದಪ್ಪ ಸದ್ದು ಉಳಿಯುತ್ತೆ, ಸಣ್ಣ ದನಿ ಮೊದಲು ಹೋಗುತ್ತೆ. ಗೊತ್ತೇ ಆಗಲ್ಲ. ಮನೆಯವರು ಹೇಳಲಿಲ್ವಾ?’ ಎಂದು ಕೇಳಿದರು. ಹೇಳಿರುತ್ತಾಳೆ, ಬಲಗಡೆಯಿಂದ ಹೇಳಿರುತ್ತಾಳೆ ಅಂದೆ. ಅವರು ನಕ್ಕರು. ನನಗೂ ನಗು ಬಂತು, ಆದರೆ ಮೆಟ್ಟಿಲಿಳಿಯುವ ಹೊತ್ತಿಗೆ ಅದು ಹೋಗಿತ್ತು.

ಮನೆಗೆ ಬಂದು ಕೋಣೆ ಕೋಣೆ ಸುತ್ತಿದೆ. ಊಟದ ಮೇಜಿನಲ್ಲಿ ನಿನ್ನ ಕುರ್ಚಿ ನನ್ನ ಬಲಕ್ಕಿದೆ. ಸೋಫಾದಲ್ಲಿ ಕಿಟಕಿಯ ಬೆಳಕು ಬೇಕೆಂದು ನೀನು ಬಲಕ್ಕೆ ಕೂರುತ್ತಿದ್ದೆ. ಮಂಚದಲ್ಲೂ ಅಷ್ಟೇ. ಯಾರೂ ಬೇಕೆಂದು ಹಾಗೆ ಇಟ್ಟದ್ದಲ್ಲ. ‘ಜಾಣಕಿವುಡು’ ಅನ್ನುತ್ತಿದ್ದೆಯಲ್ಲ ನೀನು, ‘ನಿಮಗೆ ಬೇಕಾದ್ದು ಮಾತ್ರ ಕೇಳುತ್ತೆ’ ಎಂದು. ಪ್ರೆಸ್ಸಿಗೆ ಹೋಗುತ್ತಿದ್ದಾಗ ದಿನಕ್ಕೆ ಎರಡು ಗಂಟೆಯ ಮಾತು, ಹೇಗೋ ನಡೆಯಿತು. ನಿವೃತ್ತಿಯಾಗಿ ಇಡೀ ದಿನ ಮನೆಯಲ್ಲಿ ಕೂತಮೇಲೆ ನೀನು ದಿನವೆಲ್ಲ ಗೋಡೆಗೆ ಮಾತಾಡಿರಬೇಕು. ಗೋಡೆಗಾದರೂ ಕಿವಿಯಿರುತ್ತದಂತೆ. ನನಗೆ ನೀನು ಕೆಲವು ತಿಂಗಳಿಂದ ಮಾತು ಕಡಿಮೆ ಮಾಡಿದ ಹಾಗೆ ಕಂಡಿತ್ತು. ವಯಸ್ಸಾಯಿತು, ಶಾಂತಳಾಗಿದ್ದಾಳೆ ಅಂದುಕೊಂಡಿದ್ದೆ. ಎಂಥ ಪೆದ್ದ ನೋಡು. ಇದರಲ್ಲಿ ನನ್ನ ತಪ್ಪೆಷ್ಟು, ಕಿವಿಯ ತಪ್ಪೆಷ್ಟು ಎಂದು ಮೂರು ದಿನದಿಂದ ಬಿಡಿಸಲು ನೋಡುತ್ತಿದ್ದೇನೆ, ಬಿಡಿಸಲಾಗುತ್ತಿಲ್ಲ. ಕೇಳಿಸದಿದ್ದರೆ ‘ಏನಂದೆ’ ಎಂದು ಕೇಳಬಹುದಿತ್ತಲ್ಲ. ಅದಕ್ಕೆ ಕಿವಿ ಬೇಕಿರಲಿಲ್ಲ.

ಕಿವಿ ಮಷೀನು ಶುಕ್ರವಾರ ಬರುತ್ತದೆ. ಸ್ಪೀಕರ್ ಇನ್ನೂ ತಂದಿಲ್ಲ. ಅಂಗಡಿಗೆ ಹೋಗಿ ಆಕೆಯ ಹತ್ತಿರ ಕ್ಷಮೆ ಕೇಳಿ, ಆ ದಿನ ಬಿಟ್ಟುಬಂದ ನೀರನ್ನು ಕುಡಿದು ಬಂದೆ. ‘ಮಷೀನ್ ಹಾಕ್ಕೊಂಡು ಒಂದು ವಾರ ಮನೆಯ ಸದ್ದಿಗೆ ಹೊಂದ್ಕೊಳ್ಳಿ ಸರ್, ಆಮೇಲೆ ಬನ್ನಿ. ಮನೆಯವರನ್ನೂ ಕರ್ಕೊಂಡು ಬನ್ನಿ, ಹಾಡು ಅವರು ಆರಿಸಲಿ’ ಅಂದಳು. ನೋಡೋಣ ಅಂದೆ. ಅದಕ್ಕಿಂತ ಹೆಚ್ಚು ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ ತಿಳಿಯಲಿಲ್ಲ.

ನಿಮ್ಮಕ್ಕನಿಗೂ ಷಡ್ಡಕರಿಗೂ ನನ್ನ ನಮಸ್ಕಾರ ತಿಳಿಸು. ಮಂಡಿಗೆ ಬಿಸಿ ಶಾಖ ಕೊಡುವುದನ್ನು ಬಿಡಬೇಡ. ಅಂಚೆ ಡಬ್ಬಿ ತೆರೆಯುವವನು ನಾಲ್ಕೂವರೆಗೆ ಬರುತ್ತಾನೆ, ಓಡುತ್ತೇನೆ.

ನಿನ್ನವನೇ ಆದ,
‘ರೀ’

ಮರೆತಿದ್ದೆ, ಅಲ್ಲ, ಮರೆತಿರಲಿಲ್ಲ, ಬರೆಯಲು ಹೆದರಿದ್ದೆ: ನೀನು ಹೊರಡುವ ಹಿಂದಿನ ಸಂಜೆ ನಾನು ಸೋಫಾದಲ್ಲಿ ಪೇಪರ್ ಹಿಡಿದಿದ್ದೆ. ನೀನು ಪಕ್ಕದಲ್ಲಿ ಕೂತು ಏನೋ ಹೇಳಿದೆ, ಸುಮಾರು ಹೊತ್ತು ಹೇಳಿದೆ. ಆಮೇಲೆ ನನ್ನ ಮುಖ ನೋಡುತ್ತಾ ಕಾದೆ. ನಾನು ‘ಹೂಂ’ ಅಂದೆ. ನೀನು ಎದ್ದು ಹೋಗಿ ಪೆಟ್ಟಿಗೆಗೆ ಬಟ್ಟೆ ತುಂಬಿದೆ. ನಾನು ಹೂಂ ಅಂದದ್ದು ಯಾವುದಕ್ಕೆ? ಫೋನಿನಲ್ಲಿ ಹೇಳಬೇಡ, ಕಾಗದದಲ್ಲಿ ಬರೆದು ಕಳಿಸು. ಓದಿ, ಈ ಸಲ ಸರಿಯಾದ ಉತ್ತರ ಕೊಡುತ್ತೇನೆ.